ಹಿಮದ ಲೆಕ್ಕದಲ್ಲಿ ಎತ್ತರ ಮರೆಯಬಾರದು

ಕೇಳುಗರೇ, ನಮಸ್ಕಾರ.

ಮಳೆಗಾಲ ಬಂತೆಂದರೆ ಮೈಸೂರು, ಮಂಡ್ಯದ ನಾವೆಲ್ಲ ಪೇಪರಿನಲ್ಲಿ ಮೊದಲು ಹುಡುಕುವುದು ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ 124.80 ಅಡಿ. ಇವತ್ತು ಎಷ್ಟಿದೆ? ಒಳಹರಿವು ಎಷ್ಟು, ಹೊರಹರಿವು ಎಷ್ಟು? ಚಳಿನಾಡುಗಳ ದೊಡ್ಡ ಹಿಮರಾಶಿಗಳಿಗೂ ವಿಜ್ಞಾನಿಗಳು ಇದೇ ಲೆಕ್ಕ ಹಾಕುತ್ತಾರೆ. ಬಿದ್ದ ಹಿಮ ಒಳಹರಿವು. ಕರಗಿ ಹರಿದದ್ದು, ಮುರಿದು ಸಮುದ್ರಕ್ಕೆ ಬಿದ್ದದ್ದು ಹೊರಹರಿವು.

ನಮ್ಮ ಕಾವೇರಿ ಮಳೆಯ ನದಿ, ಹಿಮದ ಉಸಾಬರಿ ನಮಗೇಕೆ ಅನ್ನಬಹುದು. ಗ್ರೀನ್‌ಲ್ಯಾಂಡ್ ಒಂದರಲ್ಲೇ ಸಮುದ್ರವನ್ನು 7 ಮೀಟರ್ ಏರಿಸುವಷ್ಟು ಮಂಜುಗಡ್ಡೆ ಇದೆ. ಅದು ಪೂರ್ತಿ ಕರಗಲು ಬಹಳ ಶತಮಾನಗಳು ಬೇಕು, ನಿಜ. ಆದರೆ ಮಂಗಳೂರು, ಕಾರವಾರದ ಕಡಲು ಬೇರೆಯದಲ್ಲವಲ್ಲ.

ಕರಗುವುದನ್ನು ಲೆಕ್ಕ ಹಾಕಲು ಒಂದು ಸರಳ ಮಾದರಿ ಇದೆ. ಸೊನ್ನೆ ಡಿಗ್ರಿ ದಾಟಿದ ದಿನಗಳ ಬಿಸಿಯನ್ನೆಲ್ಲ ಕೂಡುವುದು. ಒಂದು ಡಿಗ್ರಿಗೆ, ಒಂದು ದಿನಕ್ಕೆ ಇಷ್ಟು ಮಿಲಿಮೀಟರ್ ಕರಗುತ್ತದೆ ಅಂತ ಗುಣಿಸುವುದು. ಹೊಸ ಹಿಮಕ್ಕೆ ಸಣ್ಣ ಸಂಖ್ಯೆ, ಗಟ್ಟಿ ಮಂಜುಗಡ್ಡೆಗೆ ದೊಡ್ಡ ಸಂಖ್ಯೆ. ಏಕೆಂದರೆ ಹೊಸ ಹಿಮ ಬಿಸಿಲಿನ ಶೇ 80ಕ್ಕೂ ಹೆಚ್ಚು ಪಾಲನ್ನು ವಾಪಸ್ ಕಳಿಸುತ್ತದೆ. ಅದು ಕರಗಿ ಅಡಿಯ ಮಾಸಲು ಮಂಜುಗಡ್ಡೆ ಹೊರಬಂದರೆ, ಅದು ಬಿಸಿಲಿನ ಅರ್ಧಕ್ಕಿಂತ ಜಾಸ್ತಿ ಹೀರುತ್ತದೆ. ಬೆಚ್ಚಗಿನ ಗಾಳಿಯಲ್ಲಿ ತೇವ ಹೆಚ್ಚು, ಹಾಗಾಗಿ ಕೆಲವು ಕಡೆ ಹಿಮವೂ ಹೆಚ್ಚು ಬೀಳುತ್ತದೆ. ತಗ್ಗಿನಲ್ಲಿ ಅದೇ ತೇವ ಮಳೆಯಾಗಿ ಸುರಿಯುತ್ತದೆ.

ಇಷ್ಟರವರೆಗೆ ಇದು ಕಟ್ಟೆಯ ಲೆಕ್ಕದ ಹಾಗೇ ಇದೆ. ಮುಂದೆ ದಾರಿ ಬೇರೆಯಾಗುತ್ತದೆ. ಕಟ್ಟೆ ಒಂದು ವರ್ಷ ಬರಿದಾದರೂ ಕೊಡಗಿನಲ್ಲಿ ಚೆನ್ನಾಗಿ ಮಳೆಯಾದರೆ ಮತ್ತೆ ತುಂಬುತ್ತದೆ. ಹಿಮರಾಶಿ ಹಾಗಲ್ಲ. ಸಾವಿರ ಮೀಟರ್ ಕೆಳಗಿಳಿದರೆ ಗಾಳಿ ಸುಮಾರು 6 ಡಿಗ್ರಿ ಬೆಚ್ಚಗಿರುತ್ತದೆ. ಹಿಮ ಕರಗಿ ತಗ್ಗಿದಷ್ಟೂ ಅದರ ಮೈ ಆ ಬೆಚ್ಚಗಿನ ಗಾಳಿಗೆ ಸಿಗುತ್ತದೆ. ಆಗ ಇನ್ನೂ ಬೇಗ ಕರಗುತ್ತದೆ, ಇನ್ನೂ ತಗ್ಗುತ್ತದೆ.

ಐಸ್‌ಲ್ಯಾಂಡಿನ ವಾಟ್ನಾಯೋಕುಲ್ ಎಂಬ ದೊಡ್ಡ ಹಿಮರಾಶಿ ನೋಡಿ. ನಮ್ಮ ಮಂಡ್ಯ ಜಿಲ್ಲೆಯ ಒಂದೂವರೆಪಟ್ಟು ಹರಡಿಕೊಂಡಿದೆ. ಬೇಸಿಗೆಯಲ್ಲೂ ಹಿಮ ಉಳಿಯಬೇಕಾದರೆ ಅಲ್ಲಿ ಸಾವಿರ ಮೀಟರಿಗಿಂತ ಮೇಲಿರಬೇಕು. ಅದರ ಅಡಿಯ ನೆಲದ ಬಹುಪಾಲು ಅಷ್ಟು ಎತ್ತರದಲ್ಲಿಲ್ಲ. ಅಂದರೆ ಅದು ತನ್ನದೇ ದಪ್ಪದ ಮೇಲೆ ನಿಂತು ಬದುಕಿದೆ. ಆ ದಪ್ಪ ಹೋದರೆ ಇವತ್ತಿನ ಹವೆಯಲ್ಲೂ ಅದು ಮತ್ತೆ ಅಷ್ಟು ಬೆಳೆಯುವುದು ಕಷ್ಟ. ಅಲ್ಲಿಯದೇ ಸಣ್ಣ ಹಿಮರಾಶಿ ಓಕ್ ಎಷ್ಟು ತೆಳುವಾಯಿತೆಂದರೆ, 2014ರಲ್ಲಿ ಅದನ್ನು ಹಿಮನದಿಗಳ ಲೆಕ್ಕದಿಂದಲೇ ತೆಗೆದರು.

ಆದ್ದರಿಂದಲೇ ಎತ್ತರವನ್ನು ಬದಲಿಸದೆ ನೂರಾರು ವರ್ಷ ಮುಂದಕ್ಕೆ ಓಡಿಸಿದ ಮಾದರಿಯನ್ನು ನಾನು ನಂಬುವುದಿಲ್ಲ. ಹತ್ತಿಪ್ಪತ್ತು ವರ್ಷಕ್ಕೆ ಅದು ಸಾಕು. ಅದಕ್ಕಿಂತ ಮುಂದೆ ಹೋದರೆ ನಷ್ಟವನ್ನು ಕಡಿಮೆ ತೋರಿಸುತ್ತದೆ. ಹಿಮ ತಗ್ಗಿದ ಹಾಗೆಲ್ಲ ಹೊಸ ಎತ್ತರ ಹಾಕಿ, ಬಿಸಿಯನ್ನೂ ಹಿಮಪಾತವನ್ನೂ ಮತ್ತೆ ಲೆಕ್ಕ ಮಾಡಲೇಬೇಕು.