ಗುಂಡುಗಳು ರಸ್ತೆಗೆ ಬಂದದ್ದು ಯಾವಾಗ?

(ತೆರೆಯ ಮೇಲೆ: ಬೋಳು ಕಣಿವೆ, ಮಣ್ಣಿನ ರಸ್ತೆ, ರಸ್ತೆಯ ತುಂಬ ಫಿರಂಗಿ ಗುಂಡುಗಳು)

ಹಾಸನದಿಂದ ಎಲ್ಲರಿಗೂ ನಮಸ್ಕಾರ. 1855ರ ಈ ಫೋಟೊ ಕ್ರಿಮಿಯಾ ಯುದ್ಧದ್ದು, ರಷ್ಯಾದ ಮೇಲೆ ಬ್ರಿಟನ್, ಫ್ರಾನ್ಸ್, ತುರ್ಕಿ ಸೇರಿ ಹೂಡಿದ್ದ ಯುದ್ಧ. ತೆಗೆದವರು ಇಂಗ್ಲೆಂಡಿನ ರೋಜರ್ ಫೆಂಟನ್. ಹೆಣವಿಲ್ಲ, ರಕ್ತವಿಲ್ಲ, ಆದರೂ ಎದೆ ಝಲ್ಲೆನ್ನುತ್ತದೆ.

(ತೆರೆಯ ಮೇಲೆ: ಅದೇ ಕಣಿವೆಯ ಇನ್ನೊಂದು ಫೋಟೊ)

ಈಗ ಇದನ್ನು ನೋಡಿ. ಜಾಗ ಅದೇ, ರಸ್ತೆ ಮಾತ್ರ ಖಾಲಿ! ಗುಂಡುಗಳೆಲ್ಲ ಪಕ್ಕದ ಹಳ್ಳದಲ್ಲಿವೆ. ಯಾವುದು ಮೊದಲಿನದು? ಗುಟ್ಟು ಬಿಟ್ಟುಕೊಟ್ಟದ್ದು ಇಳಿಜಾರಿನ ಪುಟ್ಟ ಕಲ್ಲುಗಳು.

(ಕಲ್ಲುಗಳನ್ನು ದೊಡ್ಡದಾಗಿ ತೋರಿಸುವುದು)

ಗುಂಡು ತುಂಬಿದ ಚಿತ್ರದಲ್ಲಿ ಇವು ಒಂದಿಷ್ಟು ಕೆಳಗೆ ಜಾರಿವೆ. ಕಾಲು ತಾಗಿದ ಕಲ್ಲು ಗುಡ್ಡ ಹತ್ತುವುದಿಲ್ಲವಲ್ಲ! ಹಾಗಾಗಿ ಖಾಲಿ ರಸ್ತೆಯೇ ಮೊದಲು. ಗುಂಡುಗಳನ್ನು ಫೆಂಟನ್ನರೇ ಇಡಿಸಿದರೆಂಬುದು ಹಲವರ ಗುಮಾನಿ.

ಅವರ ಪಾಡನ್ನೂ ಕೇಳಿ. ಗಾಜಿಗೆ ರಾಸಾಯನಿಕ ಬಳಿದು, ಅದರ ಪಸೆ ಆರುವ ಮೊದಲೇ ಫೋಟೊ ತೆಗೆದು ಕತ್ತಲೆಕೋಣೆಯಲ್ಲಿ ತೊಳೆಯಬೇಕಿತ್ತು. ಅದಕ್ಕೆಂದು ವೈನ್ ವ್ಯಾಪಾರಿಯೊಬ್ಬನ ಹಳೆಯ ಬಂಡಿಯನ್ನೇ ಕತ್ತಲೆಕೋಣೆ ಮಾಡಿಕೊಂಡಿದ್ದರು. ಲೆನ್ಸನ್ನು ಹಲವು ಸೆಕೆಂಡು ತೆರೆದಿಡಬೇಕಾದಾಗ ಓಡುವ ಕುದುರೆ ಎಲ್ಲಿ ಮೂಡೀತು? ಕದಲದೆ ಸಿಗುತ್ತಿದ್ದದ್ದು ಪಾಳು ಗೋಡೆ, ಹೆಣ, ಇಂಥವೇ. ಯುದ್ಧದ ಹಳೆಯ ಫೋಟೊಗಳಲ್ಲಿ ಯುದ್ಧವೇ ಇಲ್ಲದಿರುವುದು ಇದರಿಂದ. ಎಲ್ಲ ಮುಗಿದ ಮೇಲೆ ಹೋದವರಿಗೆ ಪುರುಸೊತ್ತೂ ಇರುತ್ತದೆ, ಎತ್ತಿಡಲು ಕೈಯೂ ಇರುತ್ತದೆ.

(ತೆರೆಯ ಮೇಲೆ: ಸಿಕಂದರ್ ಬಾಗ್)

ಲಕ್ನೋದ ಸಿಕಂದರ್ ಬಾಗ್‌ನಲ್ಲಿ ಬ್ರಿಟಿಷರಿಗೂ ದಂಗೆಯೆದ್ದ ಸಿಪಾಯಿಗಳಿಗೂ ಕಾಳಗ ನಡೆದದ್ದು 1857ರ ನವೆಂಬರ್‌ನಲ್ಲಿ. ಫೆಲಿಸ್ ಬಿಯಾಟೊ ಕ್ಯಾಮೆರಾ ಹೊತ್ತು ಹೋದದ್ದು 1858ರಲ್ಲಿ, ತಿಂಗಳುಗಳು ಕಳೆದ ಮೇಲೆ. ಆದರೂ ಅಂಗಳದ ತುಂಬ ತಲೆಬುರುಡೆ, ಎಲುಬು! ಫೋಟೊಕ್ಕಾಗಿಯೇ ಮಣ್ಣಿನಿಂದ ತೆಗೆಸಿ ಹರಡಿಸಿರಬೇಕು ಎನ್ನುತ್ತಾರೆ ಇತಿಹಾಸಕಾರರು. ಫೆಂಟನ್ನರನ್ನು ಬೇಕಾದರೆ ಕ್ಷಮಿಸಿಬಿಡುತ್ತೇನೆ, ಇದನ್ನು ಮಾತ್ರ ಆಗದು. ಗುಂಡು ಬರೀ ಕಬ್ಬಿಣ. ಇವು ಯಾರದೋ ಮನೆಯ ಮಕ್ಕಳ ಮೂಳೆಗಳು.

(ತೆರೆಯ ಮೇಲೆ: ಹಳೇಬೀಡಿನ ಹೊಯ್ಸಳೇಶ್ವರ, ಕೈ ಮುರಿದ ಶಿಲ್ಪ)

ನಮ್ಮೂರ ಕಡೆಗೆ ಬರೋಣ. ಹಳೇಬೀಡಿಗೆ ಹೋದವರು ಮುರಿದ ಶಿಲ್ಪದ ಫೋಟೊ ತೆಗೆದು, ‘ಮಲಿಕ್ ಕಾಫೂರನ ದಾಳಿ’ ಎಂದು ವಾಟ್ಸಾಪ್‌ನಲ್ಲಿ ಸ್ಟೇಟಸ್ ಹಾಕುತ್ತಾರೆ. ದೆಹಲಿ ಸುಲ್ತಾನನ ಈ ದಂಡನಾಯಕ ದಾಳಿ ಮಾಡಿದ್ದು ನಿಜ, 1311ರಲ್ಲಿ. ಕ್ಯಾಮೆರಾ ಅಲ್ಲಿಗೆ ಬಂದದ್ದು 1850ರ ದಶಕದಲ್ಲಿ. ನಡುವಿನ ಐನೂರಕ್ಕೂ ಹೆಚ್ಚು ವರ್ಷ ಮಳೆ, ಮರದ ಬೇರು, ಕಳ್ಳರು ಸುಮ್ಮನೆ ಕುಳಿತಿದ್ದರೇ?

ಮುಂದಿನ ಕಂತಿನಲ್ಲಿ ಆ ದಶಕದ ಫೋಟೊಗಳನ್ನು ಇಂದಿನ ಗೋಡೆಯ ಪಕ್ಕ ಹಿಡಿದು ನೋಡೋಣ. ಅವುಗಳಲ್ಲಿ ಇದ್ದು ಈಗ ಕಾಣೆಯಾದದ್ದೇನಾದರೂ ಸಿಕ್ಕರೆ, ಅದನ್ನಂತೂ ಕಾಫೂರನ ಲೆಕ್ಕಕ್ಕೆ ಬರೆಯುವಂತಿಲ್ಲ.