ತಗಡು ಹಿಗ್ಗುತ್ತದೆ, ಅಂಟಿಗೆ ಜಾಗ ಬಿಡಿ

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದ ವರ್ಕ್‌ಶಾಪ್‌ಗಳಿಂದ ಬಂದ ಹಿರಿಯರು ಮುಂದೆ ಕೂತಿದ್ದೀರಿ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರು ಹಿಂದೆ ಇದ್ದೀರಿ. ಬೆಳಗಾವಿಯವರಿಗೆ ಲೋಹದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಎರಕ ಗೊತ್ತು, ಲೇತ್ ಗೊತ್ತು, ವೆಲ್ಡಿಂಗ್ ಗೊತ್ತು. ಅಂಟು ಅಂದ ಕೂಡಲೇ ಮಾತ್ರ "ಅದರ ಮ್ಯಾಲ ಭರೋಸಾ ಇಡಾಕ ಆಗ್ತದೇನ್ರಿ?" ಅಂತ ಕೇಳುತ್ತೀರಿ. ಹನ್ನೆರಡು ವರ್ಷದ ಹಿಂದೆ ನಾನೂ ಹೀಗೇ ಕೇಳುತ್ತಿದ್ದೆ.

ಮೊದಲು ಚಕ್ಕಡಿಯ ಗಾಲಿ ನೆನಪು ಮಾಡಿಕೊಳ್ಳೋಣ. ನಮ್ಮದು ಜಮಖಂಡಿ ಕಡೆಯ ಹಳ್ಳಿ. ಗಾಲಿಗೆ ಹಳಿ, ಅಂದರೆ ಸುತ್ತಲಿನ ಕಬ್ಬಿಣದ ಪಟ್ಟಿ, ಏರಿಸುವ ದಿನ ನಾವು ಹುಡುಗರೆಲ್ಲ ಅಲ್ಲೇ ಇರುತ್ತಿದ್ದೆವು. ಕುಳ್ಳು ಒಟ್ಟಿ ಬೆಂಕಿ ಹಚ್ಚಿ ಹಳಿ ಕಾಯಿಸುತ್ತಿದ್ದರು, ಆಮೇಲೆ ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಕಟ್ಟಿಗೆಯ ಗಾಲಿಗೆ ಕೂರಿಸಿ ತಕ್ಷಣ ನೀರು ಹೊಯ್ಯುತ್ತಿದ್ದರು. ಸುತ್ತಳತೆ ನಾಲ್ಕೂವರೆ ಮೀಟರ್ ಇರುವ ಹಳಿಯ ಬಿಸಿ 400 ಡಿಗ್ರಿ ಏರಿದರೆ ಅದು ಎರಡು ಸೆಂಟಿಮೀಟರ್‌ಗೂ ಜಾಸ್ತಿ ಉದ್ದ ಆಗುತ್ತದೆ. ತಣ್ಣಗಾದಾಗ ಗಾಲಿಯನ್ನು ಹಿಡಿದು ಹಿಂಡುತ್ತದೆ. ಎಷ್ಟು ಗಟ್ಟಿ ಕೆಲಸ ಅಲ್ವಾ? ಆದರೂ ಬೇಸಿಗೆ ಬಂತೆಂದರೆ ಅದೇ ಹಳಿ ಸಡಿಲ ಆಗುತ್ತಿತ್ತು. ಕಟ್ಟಿಗೆ ಒಣಗಿ ಕುಗ್ಗುತ್ತದೆ, ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ. ಆಗ ಗಾಲಿಯನ್ನು ಹಳ್ಳದ ನೀರಿನಲ್ಲಿ ನಿಲ್ಲಿಸಿ ನೆನೆಸುತ್ತಿದ್ದರು.

ಎರಡು ಬೇರೆ ವಸ್ತು ಒಂದೇ ಬಿಸಿಲಿಗೆ ಒಂದೇ ತರ ನಡೆದುಕೊಳ್ಳುವುದಿಲ್ಲ. ನಾನು ಇವತ್ತು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ನಾವು ಸಣ್ಣ ಗಾಡಿಗಳಿಗೆ ಬಾಡಿ ಕಟ್ಟುತ್ತೇವೆ. ಒಳಗೆ ಉಕ್ಕಿನ ಫ್ರೇಮ್, ಹೊರಗೆ ಅಲ್ಯೂಮಿನಿಯಂ ಪತ್ರಾ, ಅಂದರೆ ತಗಡು. ಮೊದಲು ರಿವಿಟ್ ಹೊಡೆಯುತ್ತಿದ್ದೆವು. ಕಬ್ಬಿನ ಸೀಸನ್‌ನ ರಸ್ತೆ ಹೇಗಿರುತ್ತದೆ ನಿಮಗೆ ಗೊತ್ತು. ಕುಲುಕಾಟದ ಜೋರೆಲ್ಲ ರಿವಿಟ್‌ನ ತೂತಿನ ಮೇಲೇ ಬೀಳುತ್ತದೆ, ಅಲ್ಲಿಂದಲೇ ಬಿರುಕು ಶುರು. ಮಳೆ ನೀರು ಒಳಗೆ ಹೋದರೆ ಉಕ್ಕು ಮತ್ತು ಅಲ್ಯೂಮಿನಿಯಂ ತಾಗಿರುವಲ್ಲಿ ಸಣ್ಣ ಬ್ಯಾಟರಿಯೇ ಆಗಿಬಿಡುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ರಿವಿಟ್ ತೆಗೆದು ನೋಡಿದರೆ ಸುತ್ತ ಬಿಳಿ ಪುಡಿ ಇರುತ್ತದೆ.

ಅದಕ್ಕೇ ಒಂದು ಬೇಕರಿ ವ್ಯಾನಿಗೆ ಎಲಾಸ್ಟಿಕ್ ಅಂಟು ಹಾಕಿದೆವು. ರಬ್ಬರಿನ ಹಾಗೆ ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಗುವ ಅಂಟು ಅದು. ಕೆಲಸ ಚೆನ್ನಾಗಿ ಆಗಲಿ ಅಂತ ಕ್ಲ್ಯಾಂಪ್ ಹಾಕಿ ಜೋರಾಗಿ ಬಿಗಿದೆ. ಬಿಗಿ ಆದಷ್ಟು ಒಳ್ಳೇದು ಅಂತ ನಂಬಿದ್ದೆ. ಏಪ್ರಿಲ್‌ನಲ್ಲಿ ನಮ್ಮ ಹುಡುಗ ಫೋನ್ ಮಾಡಿದ: "ಅಣ್ಣಾ, ಪತ್ರಾ ತುದಿಗೆ ಎದ್ದೈತ್ರಿ." ಹೋಗಿ ನೋಡಿದರೆ, ಎರಡು ಲೋಹದ ನಡುವೆ ಉಳಿದ ಅಂಟು ಪೋಸ್ಟ್‌ಕಾರ್ಡಿನಷ್ಟು ತೆಳು. ಉಳಿದದ್ದೆಲ್ಲ ಅಂಚಿನಿಂದ ಹೊರಗೆ ಬಂದು ಗಟ್ಟಿ ಆಗಿತ್ತು. ಅಂಟನ್ನು ಹೊರಗೆ ಹಿಂಡಿ ಹಾಕಿದವನು ನಾನೇ.

ಈಗ ಲೆಕ್ಕ ಹಾಕೋಣ. ಪತ್ರಾ ಐದು ಮೀಟರ್ ಉದ್ದ. ಬೆಳಗಿನ ಜಾವ 20 ಡಿಗ್ರಿ, ಮಧ್ಯಾಹ್ನ ಬಿಸಿಲಲ್ಲಿ ನಿಂತರೆ ಲೋಹ 60 ಡಿಗ್ರಿ ಮುಟ್ಟುತ್ತದೆ ಅಂತ ಇಟ್ಟುಕೊಳ್ಳಿ. ಈ 40 ಡಿಗ್ರಿಗೆ ಅಲ್ಯೂಮಿನಿಯಂ ಸುಮಾರು 4.6 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕು 2.4. ವ್ಯತ್ಯಾಸ 2.2. ಎರಡು ತುದಿಗೆ ಹಂಚಿದರೆ ಒಂದೊಂದು ಕಡೆ 1.1 ಮಿಲಿಮೀಟರ್ ಜಾರಾಟ. ಇಷ್ಟೇ ಅಲ್ವಾ ಅನಿಸುತ್ತದೆ. ಆದರೆ ಅಂಟಿನ ಪದರ 0.2 ಮಿಲಿಮೀಟರ್ ಇದ್ದರೆ ಈ ಜಾರಾಟ ಅದರ ದಪ್ಪದ ಐದೂವರೆ ಪಟ್ಟು, ಅದು ದಿನಾ ಒಂದು ಸಲ. ಯಾವ ರಬ್ಬರ್ ತಡೆಯುತ್ತದೆ? ಅದೇ ಪದರ 4 ಮಿಲಿಮೀಟರ್ ಇದ್ದರೆ ಜಾರಾಟ ದಪ್ಪದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಆರಾಮಾಗಿ ತಡೆಯುತ್ತದೆ. ಅಂಟು ಅದೇ, ಕಂಪನಿ ಅದೇ, ಬದಲಾದದ್ದು ದಪ್ಪ ಮಾತ್ರ.

ಅದಕ್ಕೇ ನಾವೀಗ ಅಂಟು ಹಾಕುವ ಮೊದಲು 4 ಮಿಲಿಮೀಟರ್ ದಪ್ಪದ ರಬ್ಬರ್ ತುಂಡುಗಳನ್ನು ಫ್ರೇಮಿಗೆ ಅಂಟಿಸುತ್ತೇವೆ. ಪತ್ರಾ ಒತ್ತಿದಾಗ ಅಲ್ಲಿಗೆ ನಿಲ್ಲುತ್ತದೆ. ಅಂಟಿನ ಟ್ಯೂಬಿನ ಮೂತಿ, ಅಂದರೆ ನಾಝಲ್ ತುದಿಯನ್ನು ಇಂಗ್ಲಿಷಿನ ವಿ ಆಕಾರಕ್ಕೆ ಕತ್ತರಿಸಿ, ಅಂಟು ಒತ್ತುವ ಗನ್ ನೆಟ್ಟಗೆ ಹಿಡಿದು ಎಳೆಯಿರಿ. ಅಂಟು ತ್ರಿಕೋನದ ದಿಂಡಿನ ಹಾಗೆ ಎದ್ದು ನಿಲ್ಲುತ್ತದೆ. ಅದರ ಮೇಲೆ ಪತ್ರಾ ಒತ್ತಿದರೆ ತುದಿ ಮೊದಲು ತಾಗಿ ಎರಡೂ ಕಡೆಗೆ ಹರಡುತ್ತದೆ, ಗಾಳಿ ಒಳಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಬುಡ 8, ಎತ್ತರ 12 ಮಿಲಿಮೀಟರ್ ಇದ್ದರೆ 310 ಎಂ.ಎಲ್. ಟ್ಯೂಬಿಗೆ ಸುಮಾರು ಆರೂವರೆ ಮೀಟರ್ ಸಿಗುತ್ತದೆ. ಖರ್ಚು ಜಾಸ್ತಿ ಅಂತ ದಿಂಡನ್ನು ಸಣ್ಣ ಮಾಡಬೇಡಿ, ದಯವಿಟ್ಟು.

ಅಂಗಡಿಯಲ್ಲಿ ಮೂರು ತರ ಸಿಗುತ್ತದೆ. ಪಾಲಿಯುರಿಥೇನ್, ನಾವು ಪಿಯು ಅನ್ನುವುದು. ಇದರ ರಸಾಯನ ಹುಟ್ಟಿದ್ದು 1937ರಲ್ಲಿ ಜರ್ಮನಿಯಲ್ಲಿ, ಒಟ್ಟೊ ಬೇಯರ್ ಅವರ ತಂಡದಿಂದ. ಗಟ್ಟಿಮುಟ್ಟಾದದ್ದು, ಕಾರಿನ ಮುಂದಿನ ಗಾಜು ಕೂರಿಸುವುದೂ ಇದರಲ್ಲೇ. ಎರಡನೆಯದು ಎಂಎಸ್ ಪಾಲಿಮರ್, 1970ರ ದಶಕದ ಕೊನೆಗೆ ಜಪಾನಿನಿಂದ ಬಂದದ್ದು. ಇದರ ಮೇಲೆ ಪೇಂಟ್ ಹಿಡಿಯುತ್ತದೆ, ಬಿಸಿಲು ಚೆನ್ನಾಗಿ ತಡೆಯುತ್ತದೆ. ಮೂರನೆಯದು ಸಿಲಿಕೋನ್. ಗಾಜಿಗೆ, ಬಿಸಿ ಜಾಗಕ್ಕೆ ಒಳ್ಳೇದು, ಆದರೆ ಪೇಂಟ್ ಬೂತ್‌ನ ಹತ್ತಿರ ತರಬೇಡಿ. ಕೈಗೆ ಹತ್ತಿದ ಚೂರು ಸಿಲಿಕೋನ್ ಪತ್ರಾಕ್ಕೆ ತಾಗಿದರೂ ಸಾಕು, ಅಲ್ಲಿ ಪೇಂಟ್ ಹಿಡಿಯದೆ ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ.

ಕಾರಿನ ಗಾಜು ಅಂದೆನಲ್ಲ. ಅದರ ಅಂಚಿನ ಕಪ್ಪು ಪಟ್ಟಿ ನೋಡಿದ್ದೀರಾ? ಸುಮ್ನೆ ಅಂದಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಗಾಜಿನ ಮೇಲೆ ಸುಟ್ಟು ಕೂರಿಸಿದ ಸೆರಾಮಿಕ್ ಬಣ್ಣ. ಬಿಸಿಲಿನ ಅತಿನೇರಳೆ ಕಿರಣ ಗಾಜಿನಿಂದ ಒಳಗೆ ಬಂದು ಪಿಯು ಹಿಡಿತವನ್ನು ತಿನ್ನದಂತೆ ಅದು ತಡೆಯುತ್ತದೆ. ಕಪ್ಪು ಪಟ್ಟಿ ಇಲ್ಲದ ಗಾಜನ್ನು ಬರೀ ಪಿಯುನಿಂದ ಕೂರಿಸಿದರೆ ಒಂದು ದಿನ ಗಾಜು ಬಿಡುತ್ತದೆ. ಅಂಥ ಕಡೆ ಕಪ್ಪು ಪ್ರೈಮರ್, ಅಂದರೆ ಅಂಟಿಗೆ ಮೊದಲು ಹಚ್ಚುವ ಲೇಪ, ಹಚ್ಚಲೇಬೇಕು.

ಇನ್ನು ಹವಾಮಾನ. ಒಂದೇ ಟ್ಯೂಬಿನಲ್ಲಿ ಬರುವ ಈ ಅಂಟುಗಳು ಒಣಗಿ ಗಟ್ಟಿ ಆಗುವುದಿಲ್ಲ. ಗಾಳಿಯಲ್ಲಿರುವ ತೇವ ಹೀರಿ ಗಟ್ಟಿ ಆಗುತ್ತವೆ, ಅದೂ ಹೊರಗಿನಿಂದ ಒಳಕ್ಕೆ. 23 ಡಿಗ್ರಿ, ಗಾಳಿಯಲ್ಲಿ ಶೇಕಡಾ 50 ತೇವಾಂಶ ಇದ್ದರೆ ಪಿಯು ದಿನಕ್ಕೆ ಸುಮಾರು 3 ಮಿಲಿಮೀಟರ್ ಗಟ್ಟಿ ಆಗುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಮೇಲಿನ ಚರ್ಮ ಬೇಗ ಕಟ್ಟುತ್ತದೆ, ಚರ್ಮ ಕಟ್ಟಿದ ಮೇಲೆ ಪತ್ರಾ ಒತ್ತಿದರೆ ಹಿಡಿಯುವುದಿಲ್ಲ. ವಿಜಯಪುರದ ಏಪ್ರಿಲ್‌ನಲ್ಲಿ ತದ್ವಿರುದ್ಧ. ಸುಡು ಬಿಸಿಲು, ತೇವವೇ ಇಲ್ಲ. ಬಿಸಿಲಿದೆ, ನಾಳೆಗೇ ರೆಡಿ ಅಂತ ಗಿರಾಕಿಗೆ ಮಾತು ಕೊಡಬೇಡಿ, ಒಳಗಿನ ಅಂಟು ಇನ್ನೂ ಹಸಿ ಇರುತ್ತದೆ. ಹತ್ತಿರದ ನೆಲಕ್ಕೆ ನೀರು ಹೊಡೆಯಿರಿ, ಒದ್ದೆ ಗೋಣಿಚೀಲ ತೂಗುಹಾಕಿ. ಅಂಟಿನ ಮೇಲೆ ಮಾತ್ರ ನೀರು ಬೀಳಬಾರದು.

ತಾಕತ್ತಿನ ಬಗ್ಗೆ ಎಲ್ಲರೂ ಕೇಳುತ್ತೀರಿ. ಕಲ್ಲಿನಂತೆ ಗಟ್ಟಿ ಆಗುವ ಎಪಾಕ್ಸಿ ಅಂಟಿನ ಮುಂದೆ ಈ ಎಲಾಸ್ಟಿಕ್ ಅಂಟಿನ ತಾಕತ್ತು ಹತ್ತನೇ ಒಂದು ಭಾಗದಷ್ಟೇ. ಒಂದು ಚದರ ಸೆಂಟಿಮೀಟರ್‌ಗೆ 20 ಕಿಲೋ ಅಂತ ಹಿಡಿಯಿರಿ. ಆದರೆ 12 ಮಿಲಿಮೀಟರ್ ಅಗಲದ ಒಂದು ಮೀಟರ್ ಪಟ್ಟಿ ಅಂದರೆ 120 ಚದರ ಸೆಂಟಿಮೀಟರ್. ಹರಿಯಬೇಕಾದರೆ 2400 ಕಿಲೋ ಬೇಕು! ಅದೇ ಭರವಸೆಯಲ್ಲಿ ಸದಾ ತೂಗುವ ಭಾರ ಹಾಕಬೇಡಿ, ರಬ್ಬರ್ ನಿಧಾನಕ್ಕೆ ಜಗ್ಗುತ್ತದೆ, ಅಂಥ ಕಡೆ ಲೆಕ್ಕದಲ್ಲಿ ಹತ್ತನೇ ಒಂದಕ್ಕಿಂತಲೂ ಕಡಿಮೆ ಹಿಡಿಯಬೇಕು. ಸೈಲೆನ್ಸರ್ ಹತ್ತಿರ ಪಿಯು ಬೇಡವೇ ಬೇಡ.

ಕೆಲಸ ಮಾಡುವ ಹುಡುಗರಿಗೆ ಕೈಗವಸು ಕೊಡಿ, ಬಾಗಿಲು ತೆರೆದಿಡಿ. ಪಿಯುನಲ್ಲಿರುವ ಐಸೊಸಯನೇಟ್ ಅನ್ನುವ ರಾಸಾಯನಿಕದಿಂದ ಕೆಲವರಿಗೆ ಉಬ್ಬಸ ಶುರುವಾಗುತ್ತದೆ, ಒಮ್ಮೆ ಅಂಟಿಕೊಂಡರೆ ಜನ್ಮಪೂರ್ತಿ ಕಾಡಬಹುದು. ಮಾಲೀಕರೇ, ಇದು ನಿಮ್ಮ ಜವಾಬ್ದಾರಿ.

ಕೊನೆಗೆ ಈ ಮೇಜಿನ ಮೇಲಿನ ಎರಡು ತುಂಡು ನೋಡಿ. ಎರಡರಲ್ಲೂ ಒಂದೇ ಅಂಟು, ಹಾಕಿ ಹತ್ತು ದಿನ ಆಗಿದೆ. ಒಂದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಪ್ರೈಮರ್ ಹಚ್ಚಿದ್ದೇನೆ. ಇನ್ನೊಂದನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಹಾಗೇ ಬಿಟ್ಟಿದ್ದೇನೆ. ದಿಂಡಿನ ತುದಿಯನ್ನು ಚಾಕುವಿನಿಂದ ಬಿಡಿಸಿ, ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಲೋಹದ ಮೇಲೆ ಕಪ್ಪು ರಬ್ಬರ್ ಉಳಿದು ಅಂಟೇ ಹರಿದರೆ ಕೆಲಸ ಸರಿ. ಟೇಪ್ ಕಿತ್ತ ಹಾಗೆ ಲೋಹ ಫಳಫಳ ಕಂಡರೆ ಒರೆಸಿದ್ದು ಸರಿ ಇಲ್ಲ. ಒಬ್ಬೊಬ್ಬರೇ ಬನ್ನಿ, ಚಾಕು ಇಲ್ಲಿದೆ.