ಬಾಯಿಗೆ ಪಟ್ಟಿ ಕಟ್ಟಿಕೊಂಡು ಮಾಡಿದ ಭಾಷಣ

(ತೆರೆಯ ಮೇಲೆ: ಕಪ್ಪು-ಬಿಳುಪು ಫೋಟೋ. ಬಾಯಿಗೆ ಬಟ್ಟೆಪಟ್ಟಿ ಬಿಗಿದುಕೊಂಡ ಹೆಂಗಸು.)

ನಮಸ್ಕಾರ. ಈ ಫೋಟೋ 1929ರದ್ದು, ಅಮೆರಿಕದ ಬಾಸ್ಟನ್ ಊರಿನದು. ಇವರು ಸಂತಾನ ನಿಯಂತ್ರಣಕ್ಕಾಗಿ ಹೋರಾಡಿದ ಮಾರ್ಗರೆಟ್ ಸ್ಯಾಂಗರ್. ಸಂತಾನ ನಿಯಂತ್ರಣದ ಬಗ್ಗೆ ಇಲ್ಲಿ ಬಾಯಿ ಬಿಡುವ ಹಾಗಿಲ್ಲ ಅಂತ ಊರಿನ ಆಡಳಿತ ತಾಕೀತು ಮಾಡಿತ್ತು. ಬಾಯಿ ಬಿಡಬಾರದು, ಅಷ್ಟೇ ತಾನೆ? ಪಟ್ಟಿ ಬಿಗಿದುಕೊಂಡೇ ವೇದಿಕೆ ಹತ್ತಿದರು. ಇವರು ಬರೆದುಕೊಂಡು ಬಂದಿದ್ದನ್ನು ಹಾರ್ವರ್ಡ್ ಪ್ರೊಫೆಸರ್ ಆರ್ಥರ್ ಶ್ಲೆಸಿಂಜರ್ ಓದಿದರು. ನನ್ನ ಬಾಯಿ ಕಟ್ಟಿದರೆ ನಾನೊಬ್ಬಳು ಸುಮ್ಮನಾಗುತ್ತೇನೆ, ಲಕ್ಷಾಂತರ ಜನ ಮಾತಾಡಲು ಶುರು ಮಾಡುತ್ತಾರೆ ಅನ್ನುವುದು ಅದರ ತಿರುಳು.

ಇದು ಅವರಿಗೆ ಹಳೇ ಅನುಭವ. 1913ರಲ್ಲಿ 'ನ್ಯೂಯಾರ್ಕ್ ಕಾಲ್' ಪತ್ರಿಕೆಗೆ 'ಪ್ರತಿ ಹುಡುಗಿಗೂ ಗೊತ್ತಿರಬೇಕಾದದ್ದು' ಎಂಬ ಅಂಕಣ ಬರೆಯುತ್ತಿದ್ದರು. ಗುಹ್ಯರೋಗದ ಬಗ್ಗೆ ಬರೆದಾಗ ಅಂಚೆ ಇಲಾಖೆ ತಡೆಯಿತು. ಪತ್ರಿಕೆಯವರು ತಲೆಬರಹವನ್ನು ಹಾಗೇ ಉಳಿಸಿ, ಕೆಳಗೆ ಅಚ್ಚು ಹಾಕಿದ್ದು ಇಷ್ಟು: 'ಏನೂ ಇಲ್ಲ! ಅಂಚೆ ಇಲಾಖೆಯ ಆಜ್ಞೆ.' ಲೇಖನಕ್ಕಿಂತ ಇದೇ ಜಾಸ್ತಿ ಹೇಳಿತು, ಅಲ್ವಾ?

ಇಷ್ಟು ಹಟ ಬಂದಿದ್ದು ಮನೆಯಿಂದಲೇ. ತಾಯಿ 18 ಸಲ ಬಸಿರಾಗಿದ್ದರು. ಬದುಕಿ ಹುಟ್ಟಿದ ಮಕ್ಕಳು 11. ಐವತ್ತರ ಆಸುಪಾಸಿನಲ್ಲೇ ಆ ತಾಯಿ ಕ್ಷಯದಿಂದ ತೀರಿಕೊಂಡರು. ಮುಂದೆ ನರ್ಸ್ ಆದ ಮಗಳು ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಕಂಡಿದ್ದೂ ಇದೇ ಕತೆ.

(ತೆರೆಯ ಮೇಲೆ: ಕರಪತ್ರ.)

ಅವರ ಬರಹಗಳಲ್ಲಿ ನನಗೆ ಹಿಡಿಸಿದ್ದು ಪುಸ್ತಕವಲ್ಲ, ಈ ಕರಪತ್ರ. 1916ರ ಅಕ್ಟೋಬರ್, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್. ಇಂಗ್ಲಿಷ್, ಯಹೂದಿಗಳ ಯಿಡ್ಡಿಷ್, ಇಟಾಲಿಯನ್, ಮೂರೂ ಭಾಷೆಯಲ್ಲಿ. 'ತಾಯಂದಿರೇ! ದೊಡ್ಡ ಸಂಸಾರ ಸಾಕುವ ಶಕ್ತಿ ನಿಮಗಿದೆಯೇ? ಇನ್ನೂ ಮಕ್ಕಳು ಬೇಕೇ? ಬೇಡವಾದರೆ ಹೆರುವುದೇಕೆ?' ಕೆಳಗೆ ಸ್ಯಾಂಗರ್ ತೆರೆದ ಸಂತಾನ ನಿಯಂತ್ರಣ ಕ್ಲಿನಿಕ್‌ನ ವಿಳಾಸ: 46, ಆಂಬಾಯ್ ಸ್ಟ್ರೀಟ್. ಫೀಸು 10 ಸೆಂಟ್. ಭಾಷಣದ ಗತ್ತಿಲ್ಲ, ಪಕ್ಕದ ಮನೆಯಾಕೆ ಕೇಳಿದ ಹಾಗಿದೆ. ಮೊದಲ ದಿನವೇ ಹೆಂಗಸರು ಸಾಲುಗಟ್ಟಿದರು. ಹತ್ತೇ ದಿನಕ್ಕೆ ಪೊಲೀಸರು ಬಂದು ಕ್ಲಿನಿಕ್ ಮುಚ್ಚಿಸಿದರು. ಮರುವರ್ಷ ಸ್ಯಾಂಗರ್‌ಗೆ 30 ದಿನ ಜೈಲು.

ನಮ್ಮ ಕಡೆ ನೋಡಿ. ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ, ಯಾವ ಗಲಾಟೆಯೂ ಇಲ್ಲದೆ, ಇಂಥ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು! 1935ರ ಡಿಸೆಂಬರಿನಲ್ಲಿ ಸ್ಯಾಂಗರ್ ವಾರ್ಧಾಕ್ಕೆ ಹೋಗಿ ಗಾಂಧೀಜಿಯ ಜೊತೆ ವಾದ ಮಾಡಿದರು. ಗಾಂಧೀಜಿ ಸಂಯಮವೊಂದೇ ದಾರಿ ಅಂದರು, ಬಗ್ಗಲಿಲ್ಲ. 1952ರಲ್ಲಿ ಮುಂಬೈಯಲ್ಲಿ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟ ಹುಟ್ಟಿದಾಗ ಸ್ಯಾಂಗರ್ ಜೊತೆ ನಿಂತವರು ಭಾರತದ ಕುಟುಂಬ ಯೋಜನಾ ಸಂಘದ ಧನವಂತಿ ರಾಮರಾವ್. ಈಕೆ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ.

ಇಲ್ಲಿಗೇ ವಿಡಿಯೋ ಮುಗಿಸಿದರೆ ಚೆಂದ. ಆದರೆ ಆಗ ನಾನೂ ಅವರ ಬಾಯಿಗೆ ಪಟ್ಟಿ ಕಟ್ಟಿದ ಹಾಗಾಗುತ್ತದೆ. 1922ರ 'ದ ಪಿವಟ್ ಆಫ್ ಸಿವಿಲೈಸೇಷನ್' ಪುಸ್ತಕ ತೆಗೆದು ನೋಡಿ. ಬುದ್ಧಿಮಾಂದ್ಯರಿಗೆ ಮಕ್ಕಳಾಗದಂತೆ ತಡೆಯಬೇಕು ಅಂತ ಅದರಲ್ಲಿ ವಾದಿಸುತ್ತಾರೆ. ಕರಪತ್ರದಲ್ಲಿ 'ನಿಮಗೆ ಬೇಕೇ?' ಅಂತ ಕೇಳಿದ ಕೈಯೇ ಇಲ್ಲಿ ಬೇರೆಯವರ ಪರವಾಗಿ ಉತ್ತರ ಬರೆದುಬಿಟ್ಟಿದೆ. ಕಾಲವೇ ಹಾಗಿತ್ತು ಅನ್ನುವ ಸಮಜಾಯಿಷಿ ನನಗಂತೂ ಸಾಲದು. ಅವರೇ ಕಟ್ಟಿದ ಚಳವಳಿಯಿಂದ ಬೆಳೆದ ಪ್ಲ್ಯಾನ್ಡ್ ಪೇರೆಂಟ್‌ಹುಡ್ ಸಂಸ್ಥೆಯ ನ್ಯೂಯಾರ್ಕ್ ಶಾಖೆ, ತನ್ನ ಮ್ಯಾನ್‌ಹಟನ್ ಕ್ಲಿನಿಕ್‌ಗೆ ಇಟ್ಟಿದ್ದ ಅವರ ಹೆಸರನ್ನು ತೆಗೆಯುವುದಾಗಿ 2020ರಲ್ಲಿ ಹೇಳಿತು.